ಎಕ್ಲೇಸಿಯಾ: ಪುರಸಭೆಗೂ ಧರ್ಮಸಭೆಗೂ ಮೂಲವಾದ ಮಾತು

ಎಕ್ಲೇಸಿಯಾ ಎಂಬುದು ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ 114 ಸಲ ಬರುವ ಪದ. ಕನ್ನಡದ ಪ್ರೊಟೆಸ್ಟೆಂಟರು ಅದನ್ನು ‘ಸಭೆ’ ಎನ್ನುತ್ತಾರೆ, ಕಥೋಲಿಕರು ‘ಧರ್ಮಸಭೆ’ ಎನ್ನುತ್ತಾರೆ, ನೆರೆಹೊರೆಯ ಉಳಿದವರು ‘ಚರ್ಚು’ ಎಂದು ಮುಗಿಸುತ್ತಾರೆ. ಈ ಮೂರರಲ್ಲಿ ಕೊನೆಯದು ಮೂಲದಿಂದ ಬಹಳ ದೂರ. ಚರ್ಚು ಎಂದೊಡನೆ ಗೋಪುರ, ಶಿಲುಬೆ, ಗಂಟೆ ಕಣ್ಣಿಗೆ ಬರುತ್ತವೆ. ಹೊಸ ಒಡಂಬಡಿಕೆಯ ಎಕ್ಲೇಸಿಯಾಕ್ಕಾದರೋ ಒಂದು ಕಡೆಯಲ್ಲೂ ಕಟ್ಟಡ ಎಂಬ ಅರ್ಥವಿಲ್ಲ.

ಪದ ಹಂಚಿಕೆಯಾಗಿರುವ ರೀತಿಯೇ ವಿಚಿತ್ರ. ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳಲ್ಲಿ ಅದು ಇಲ್ಲವೇ ಇಲ್ಲ. ಮತ್ತಾಯನಲ್ಲಿ ಮಾತ್ರ ಮೂರು ಸಲ ಬರುತ್ತದೆ. ಆದಿ ಕ್ರೈಸ್ತ ಬೋಧಕ ಪೌಲನ ಹೆಸರಿನ ಪತ್ರಗಳಲ್ಲಿ 62 ಸಲ, ಅಪೊಸ್ತಲರ ಕೃತ್ಯಗಳಲ್ಲಿ 23 ಸಲ, ಏಳು ಊರುಗಳ ಸಭೆಗಳಿಗೆ ಬರೆದ ಪ್ರಕಟನೆ ಗ್ರಂಥದಲ್ಲಿ 20 ಸಲ. ಅಂದರೆ ಇದು ಯೇಸುವಿನ ಬೋಧನೆಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತಲ್ಲ. ಯೇಸುವಿನ ನಂತರ ಊರೂರಲ್ಲಿ ಕೂಡತೊಡಗಿದ ಜನ ತಮ್ಮನ್ನು ಕರೆದುಕೊಂಡ ಹೆಸರು. ಉಳಿದು ಬಂದಿರುವ ಕ್ರೈಸ್ತ ಬರಹಗಳಲ್ಲಿ ಅತ್ಯಂತ ಹಳೆಯದೆಂದು ಬಹುಪಾಲು ವಿದ್ವಾಂಸರು ಒಪ್ಪುವ, ಕ್ರಿ.ಶ. 50ರ ಸುಮಾರಿಗೆ ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ಮೊದಲ ವಾಕ್ಯದಲ್ಲೇ ಆ ಹೆಸರಿದೆ.

ಹೆಸರು ಹೊಸದಾಗಿರಲಿಲ್ಲ. ಅದಕ್ಕೂ ನಾಲ್ಕೈದು ಶತಮಾನ ಮೊದಲೇ ಅಥೆನ್ಸಿನಲ್ಲಿ ಎಕ್ಲೇಸಿಯಾ ಎಂದರೆ ನಾಗರಿಕರ ಮಹಾಸಭೆ. ಪ್ನಿಕ್ಸ್ ಎಂಬ ಗುಡ್ಡದ ಮೇಲೆ ಬಯಲಲ್ಲೇ ಅದು ಸೇರುತ್ತಿತ್ತು, ಕ್ರಿ.ಪೂ. ನಾಲ್ಕನೆಯ ಶತಮಾನದ ಹೊತ್ತಿಗೆ ವರ್ಷಕ್ಕೆ 40 ಸಲ. ಯುದ್ಧ, ಸಂಧಿ, ಧಾನ್ಯದ ಪೂರೈಕೆ ಎಲ್ಲವೂ ಅಲ್ಲೇ ತೀರ್ಮಾನವಾಗಬೇಕು. ಕೆಲವು ನಿರ್ಣಯಗಳಿಗೆ ಕನಿಷ್ಠ 6,000 ಮಂದಿ ಹಾಜರಿರಬೇಕಿತ್ತು. ಜನ ಸುಲಭಕ್ಕೆ ಬರುತ್ತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಅರಿಸ್ಟೋಫೆನಿಸನ ‘ಅಕಾರ್ನಿಯನ್ಸ್’ ಎಂಬ ಪ್ರಹಸನ: ಪೇಟೆಯಲ್ಲಿ ಹರಟುತ್ತ ನಿಂತವರನ್ನು ಕೆಂಪು ಬಣ್ಣ ಅದ್ದಿದ ಹಗ್ಗದಿಂದ ಸಭೆಯ ಕಡೆಗೆ ಅಟ್ಟುತ್ತಿದ್ದರೆಂದು ಅದರಲ್ಲಿ ಬರುತ್ತದೆ. ಬಟ್ಟೆಗೆ ಕೆಂಪು ಮೆತ್ತಿದರೆ ಸಭೆ ತಪ್ಪಿಸಿದ್ದು ಊರಿಗೆಲ್ಲ ಗೊತ್ತು. ಮುಂದೆ ಹಾಜರಾತಿಗೆ ದುಡ್ಡನ್ನೂ ಕೊಡತೊಡಗಿದರು. ಹೆಂಗಸರಿಗೆ, ದಾಸರಿಗೆ, ಹೊರಊರಿನಿಂದ ಬಂದು ನೆಲೆಸಿದವರಿಗೆ ಅಲ್ಲಿ ಜಾಗವಿರಲಿಲ್ಲ.

ಬೆಂಗಳೂರಿನ ಪಶ್ಚಿಮ ಬಡಾವಣೆಗಳ ಪ್ರಾರ್ಥನಾ ಕೂಟಗಳಲ್ಲಿ ಈ ಪದದ ಬಗ್ಗೆ ಕೇಳಿಬರುವ ವಿವರಣೆ ಬೇರೆ. ‘ಎಕ್’ ಅಂದರೆ ಹೊರಗೆ, ‘ಕಲೇಯೋ’ ಅಂದರೆ ಕರೆ. ಆದ್ದರಿಂದ ಸಭೆ ಎಂದರೆ ಲೋಕದಿಂದ ಹೊರಗೆ ಕರೆಯಲ್ಪಟ್ಟವರು ಎಂದು ಪಾಸ್ಟರುಗಳು ಬಿಡಿಸಿ ಹೇಳುತ್ತಾರೆ. ಧಾತು ಸರಿ, ತೆಗೆದ ಅರ್ಥ ಅಷ್ಟು ಸರಿಯಲ್ಲ. ನಮ್ಮ ವೈಯಾಕರಣರು ಪದಗಳಲ್ಲಿ, ಧಾತುವಿನ ಅರ್ಥವನ್ನೇ ಕೊಡುವ ಯೌಗಿಕ, ಬಳಕೆಯಿಂದ ಅರ್ಥ ನಿಂತ ರೂಢಿ, ಎರಡೂ ಬೆರೆತ ಯೋಗರೂಢಿ ಎಂದು ಮೂರು ಬಗೆ ಮಾಡಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲ, ಪ್ರವೀಣನಾಗಲು ವೀಣೆ ಬರಬೇಕಾಗಿಲ್ಲ. ಪೌಲನ ಕಾಲಕ್ಕೆ ಎಕ್ಲೇಸಿಯಾ ರೂಢಿಯಲ್ಲಿ ಬರಿಯ ‘ನೆರೆದ ಸಭೆ’ಯಾಗಿತ್ತು, ಯಾರೂ ಅದರೊಳಗಿನ ‘ಹೊರಗೆ’ಯನ್ನು ನೆನೆದು ಆಡುತ್ತಿರಲಿಲ್ಲ. ಬ್ರಿಟನ್ನಿನ ವಿದ್ವಾಂಸ ಜೇಮ್ಸ್ ಬಾರ್ 1961ರ ತನ್ನ ಗ್ರಂಥದಲ್ಲಿ, ಧಾತುವಿನಿಂದ ಧರ್ಮತತ್ತ್ವ ಹಿಂಡುವ ಅಭ್ಯಾಸವನ್ನು ಟೀಕಿಸುವಾಗ ಎತ್ತಿಕೊಂಡ ಉದಾಹರಣೆಗಳಲ್ಲಿ ಇದೂ ಒಂದು. ಆರು ದಶಕ ಕಳೆದರೂ ಧಾತುವಿನ ಪ್ರಸಂಗ ನಿಂತಿಲ್ಲ. ಪ್ರಸಂಗಕ್ಕೆ ಅದು ಅಷ್ಟು ಅನುಕೂಲ.

ಎಕ್ಲೇಸಿಯಾಕ್ಕೆ ಧಾರ್ಮಿಕ ತೂಕ ಬಂದದ್ದು ಧಾತುವಿನಿಂದಲ್ಲ, ಒಂದು ಅನುವಾದದಿಂದ. ಕ್ರಿ.ಪೂ. ಮೂರನೆಯ ಶತಮಾನದಿಂದ ಯೆಹೂದ್ಯರು ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದುಕೊಂಡರು. ಸೆಪ್ಟುಅಜಿಂಟ್ ಎಂದು ಅದಕ್ಕೆ ಹೆಸರು. ದೇವರ ಮುಂದೆ ಕೂಡಿದ ಇಸ್ರಾಯೇಲ್ಯರ ಸಮೂಹಕ್ಕೆ ಹೀಬ್ರೂವಿನಲ್ಲಿ ‘ಕಾಹಾಲ್’ ಎನ್ನುತ್ತಾರೆ. ಆ ಪದ ಬಂದಲ್ಲೆಲ್ಲ ಒಂದೇ ಗ್ರೀಕ್ ಪದ ಹಾಕದಿದ್ದರೂ, ಬಹಳ ಕಡೆ ಅನುವಾದಕರು ಎಕ್ಲೇಸಿಯಾ ಎಂದು ಬರೆದರು. ‘ಏದಾ’ ಎಂಬ ಇನ್ನೊಂದು ಪದಕ್ಕೆ ‘ಸಿನಗೋಗೆ’ ಎಂದು ಬರೆದರು. ಮೊದಲಿಗೆ ಇವೆರಡೂ ಅಕ್ಕಪಕ್ಕದ ಮಾತುಗಳೇ. ಯಾಕೋಬನ ಪತ್ರದಲ್ಲಿ ಕ್ರೈಸ್ತರ ಕೂಟಕ್ಕೆ ಒಮ್ಮೆ ಸಿನಗೋಗೆ ಎಂದಿದೆ, ಇನ್ನೊಮ್ಮೆ ಎಕ್ಲೇಸಿಯಾ ಎಂದಿದೆ. ಕ್ರಮೇಣ ಒಂದು ಯೆಹೂದ್ಯರ ಪಾಲಿಗೆ ಹೋಯಿತು, ಒಂದು ಕ್ರೈಸ್ತರ ಪಾಲಿಗೆ ಬಂತು. ಕನ್ನಡದ ಹಳೆಯ ಅನುವಾದವಾದ ‘ಸತ್ಯವೇದ’ದಲ್ಲಿ ಯೆಹೂದ್ಯರ ಪ್ರಾರ್ಥನಾ ಸ್ಥಳ ‘ಸಭಾಮಂದಿರ’, ಅವರ ಉಚ್ಚ ನ್ಯಾಯಮಂಡಳಿ ‘ಹಿರೀಸಭೆ’, ಕ್ರೈಸ್ತರ ಸಮೂಹ ‘ಸಭೆ’. ಗ್ರೀಕಿನಲ್ಲಿ ಮೂರು ಬೇರೆ ಪದಗಳು, ಕನ್ನಡದಲ್ಲಿ ಒಂದೇ ಬೇರು. ಹೀಗೆ ಆ ಮೂರರ ನಡುವಿನ ನಂಟು ಕನ್ನಡ ಓದುಗನಿಗೆ ಹೆಚ್ಚು ಚೆನ್ನಾಗಿಯೇ ಕಾಣುತ್ತದೆ.

ಹಳೆಯ ಒಡಂಬಡಿಕೆಯ ಒಂದು ಪುಸ್ತಕದ ಹೆಸರೂ ಇದೇ ಪದದ ಬಳಗ. ಹೀಬ್ರೂವಿನ ‘ಕೋಹೆಲೆತ್’, ಗ್ರೀಕಿನ ‘ಎಕ್ಲೇಸಿಯಾಸ್ತೆಸ್’, ಅಂದರೆ ಸಭೆಯಲ್ಲಿ ಮಾತಾಡುವವನು. ಸತ್ಯವೇದದಲ್ಲಿ ಅದು ‘ಪ್ರಸಂಗಿ’.

ಪದದ ಊರಿನ ಮುಖವೂ ದೇವರ ಮುಖವೂ ಒಟ್ಟಿಗೆ ಕಾಣುವುದು ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ. ಎಫೆಸ ಪಟ್ಟಣದಲ್ಲಿ ಅರ್ತೆಮೀ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುವ ದೇಮೇತ್ರಿಯ ಎಂಬ ಅಕ್ಕಸಾಲಿಗನಿಗೆ ಪೌಲನ ಬೋಧನೆಯಿಂದ ವ್ಯಾಪಾರ ಕೆಡುವ ಭಯ. ಅವನು ಕಸುಬಿನವರನ್ನೆಲ್ಲ ಕೂಡಿಸಿ ಕೆರಳಿಸುತ್ತಾನೆ. ಜನ ಪೌಲನ ಇಬ್ಬರು ಜೊತೆಗಾರರನ್ನು ಎಳೆದುಕೊಂಡು ನಾಟಕಶಾಲೆಗೆ ನುಗ್ಗುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲು ಕಡೆದು ಮಾಡಿದ ಆ ನಾಟಕಶಾಲೆ ಇಂದಿಗೂ ಟರ್ಕಿಯ ಸೆಲ್ಚುಕ್ ಊರಿನ ಬಳಿ ನಿಂತಿದೆ. ಅದು ಸುಮಾರು 24,000 ಜನ ಹಿಡಿಸುವಂಥದ್ದು. ಎರಡು ತಾಸು ದೇವಿಯ ಜಯಘೋಷ. ಒಬ್ಬ ಒಂದು ಕೂಗಿದರೆ ಇನ್ನೊಬ್ಬ ಇನ್ನೊಂದು. ಬಂದವರಲ್ಲಿ ಹೆಚ್ಚಿನವರಿಗೆ ತಾವೇಕೆ ಬಂದೆವೆಂದೇ ತಿಳಿಯದು ಎಂದು, ಈ ಗ್ರಂಥದ ಕರ್ತೃವೆನ್ನುವ ಲೂಕ ನಗೆಯಲ್ಲೇ ಬರೆಯುತ್ತಾನೆ. ಈ ಗದ್ದಲದ ಗುಂಪಿಗೂ ಅವನು ಬಳಸುವ ಪದ ಎಕ್ಲೇಸಿಯಾ. ಆಗ ಪಟ್ಟಣದ ಗುಮಾಸ್ತ ಎದ್ದು, ದೂರಿದ್ದರೆ ನ್ಯಾಯಾಲಯ ಇದೆ, ಬೇರೇನಾದರೂ ಇದ್ದರೆ ಕ್ರಮಬದ್ಧ ಸಭೆಯಲ್ಲಿ ತೀರ್ಮಾನವಾಗಲಿ ಎಂದು ಸಮಾಧಾನ ಮಾಡಿ ಎಲ್ಲರನ್ನೂ ಕಳಿಸುತ್ತಾನೆ. ಅವನು ಹೇಳಿದ ಕ್ರಮಬದ್ಧ ಸಭೆಯೂ ಎಕ್ಲೇಸಿಯಾ, ಅವನು ಕಳಿಸಿದ ಗುಂಪೂ ಎಕ್ಲೇಸಿಯಾ.

ಮುಂದಿನ ಅಧ್ಯಾಯದಲ್ಲಿ ಪೌಲ ಮಿಲೇತದಿಂದ ಹೇಳಿಕಳಿಸಿ ಎಫೆಸದ ಎಕ್ಲೇಸಿಯಾದ ಹಿರಿಯರನ್ನು ಕರೆಸುತ್ತಾನೆ. ಈಗ ಆ ಪದಕ್ಕೆ ಕ್ರೈಸ್ತರ ಸಭೆ ಎಂದು ಅರ್ಥ. ಊರು ಅದೇ, ಪದ ಅದೇ. ಇಂಗ್ಲಿಷ್ ಬೈಬಲ್ ಓದುವವನಿಗೆ ಈ ಸೂಕ್ಷ್ಮ ತಪ್ಪಿಹೋಗುತ್ತದೆ, ಏಕೆಂದರೆ ಮೊದಲಿನದು ಅಲ್ಲಿ ‘ಅಸೆಂಬ್ಲಿ’, ಎರಡನೆಯದು ‘ಚರ್ಚ್’. ಕನ್ನಡಕ್ಕೆ ಅಂಥ ತೊಡಕಿಲ್ಲ, ಊರಾಡಳಿತಕ್ಕೂ ಆರಾಧನೆಗೂ ಇಲ್ಲಿ ‘ಸಭೆ’ಯೇ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಏಳು ನಗರಸಭೆಗಳ ಜೊತೆ ಅದರಲ್ಲಿ ಸೇರಿಹೋದ ಒಂದೇ ಒಂದು ಪುರಸಭೆ ಕೆಂಗೇರಿಯದು. ಅಲ್ಲಿಯವರೆಗೆ ಕೆಂಗೇರಿಯ ಕ್ರೈಸ್ತನೊಬ್ಬ ವಾರದ ದಿನ ಕಂದಾಯ ಕಟ್ಟಲು ಹೋಗುತ್ತಿದ್ದುದು ಪುರಸಭೆಗೆ, ಭಾನುವಾರ ಆರಾಧನೆಗೆ ಹೋಗುತ್ತಿದ್ದುದು ಸಭೆಗೆ. ಎಫೆಸದ ಗುಮಾಸ್ತನಿಗೆ ಇದನ್ನು ವಿವರಿಸಬೇಕಾಗುತ್ತಿರಲಿಲ್ಲ. ಬೆಂಗಳೂರಿನದೇ ರಾಜಾಜಿನಗರ, ವಿಜಯನಗರಗಳ ಮತದಾರರು ಆರಿಸಿ ಕಳಿಸುವವರು ಕೂರುವುದೂ ವಿಧಾನಸಭೆಯಲ್ಲೇ.

ಪೌಲನ ಪತ್ರಗಳಲ್ಲಿ ಎಕ್ಲೇಸಿಯಾ ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11 ಮತ್ತು 14ನೆಯ ಅಧ್ಯಾಯಗಳಲ್ಲಿ ಅದು ಜನ ಕೂಡಿದ ಹೊತ್ತು ಮಾತ್ರ ಇರುವಂಥದ್ದು: ನೀವು ಎಕ್ಲೇಸಿಯಾದಲ್ಲಿ ಸೇರುವಾಗ ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂಬ ಧಾಟಿ. ಬೇರೆ ಕಡೆ ಒಂದು ಊರಿನ ವಿಶ್ವಾಸಿಗಳ ಒಟ್ಟು ಬಳಗ. ಗಲಾತ್ಯದಂಥ ಸೀಮೆಯ ಮಾತು ಬಂದಾಗ ಬಹುವಚನ. ಎಫೆಸದವರಿಗೆ ಎಂದು ಹೆಸರಿರುವ ಪತ್ರಕ್ಕೆ ಬಂದರೆ ಒಂಬತ್ತು ಸಲವೂ ಅದು ಲೋಕವ್ಯಾಪಿ; ಯಾವುದೇ ಒಂದು ಊರಿನದಲ್ಲ, ಕ್ರಿಸ್ತನ ದೇಹ ಮತ್ತು ವಧು. ಆ ಪತ್ರವನ್ನು ಬರೆದವನು ಪೌಲನೇ ಹೌದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿರಲು ಇರುವ ಕಾರಣಗಳಲ್ಲಿ ಈ ಬದಲಾದ ಬಳಕೆಯೂ ಸೇರಿದೆ.

ಎಲ್ಲಕ್ಕಿಂತ ಚಿಕ್ಕದು ಮನೆಯ ಎಕ್ಲೇಸಿಯಾ. ಡೇರೆ ಹೊಲಿಯುವ ಕಸುಬಿನ ಅಕ್ವಿಲ ಮತ್ತು ಅವನ ಹೆಂಡತಿ ಪ್ರಿಸ್ಕಿಲ್ಲ ಇದ್ದ ಮನೆಯಲ್ಲೇ ಸಭೆ ಸೇರುತ್ತಿತ್ತೆಂದು ಪೌಲ ಎಫೆಸದಿಂದ ಬರೆದ ಪತ್ರದಲ್ಲಿ ಹೇಳುತ್ತಾನೆ. ಮುಂದೆ ಅವರು ರೋಮಿನಲ್ಲಿದ್ದಾಗಲೂ ಅದೇ ಮಾತು. ಫಿಲೆಮೋನನ ಮನೆಯ ಸಭೆ, ನುಂಫಳ ಮನೆಯ ಸಭೆ ಎಂದು ಇನ್ನೂ ಕೆಲವು. ಅಂಥ ಮನೆ ಹೇಗಿರುತ್ತಿತ್ತು ಎಂಬುದಕ್ಕೆ ಸಿರಿಯಾದ ದೂರಾ ಯೂರೋಪೋಸ್‌ನಲ್ಲಿ 1930ರ ದಶಕದ ಅಗೆತದಲ್ಲಿ ಸಿಕ್ಕಿದ ಮನೆ ನೋಡಬಹುದು. ಅದು ಮೂರನೆಯ ಶತಮಾನದ್ದು. ನಡುವೆ ಅಂಗಳ, ಸುತ್ತ ಕೋಣೆಗಳ ಸಾಮಾನ್ಯ ಮನೆ. ಎರಡು ಕೋಣೆಗಳ ನಡುವಣ ಗೋಡೆ ಒಡೆದು ಸುಮಾರು 13 ಮೀಟರ್ ಉದ್ದದ ಒಂದೇ ಹಾಲ್ ಮಾಡಿದ್ದಾರೆ, ಪೂರ್ವದ ತುದಿಗೆ ಗಿಡ್ಡ ಜಗಲಿ ಕಟ್ಟಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಇಟ್ಟು ಗೋಡೆಗೆ ಚಿತ್ರ ಬರೆಸಿದ್ದಾರೆ. 256ರ ಹೊತ್ತಿಗೆ ಊರು ಪರ್ಷಿಯನ್ನರ ಮುತ್ತಿಗೆಗೆ ಸಿಕ್ಕಿತು. ಕೋಟೆಗೋಡೆಗೆ ಒತ್ತು ಕೊಡಲು ಒಳಗಿನವರು ಸುರಿದ ಮಣ್ಣಿನಡಿ ಮನೆ ಹೂತುಹೋಗಿ ಉಳಿಯಿತು.

ಬೆಂಗಳೂರಿನ ಮಾಗಡಿ ರಸ್ತೆಯಿಂದ ಒಳಕ್ಕೆ ಕಾಮಾಕ್ಷಿಪಾಳ್ಯ, ಬಸವೇಶ್ವರನಗರ, ನಾಗರಬಾವಿಯ ಕಡೆ ನಡೆದರೆ ಇಂಥ ಮಾರ್ಪಾಡು ಇನ್ನೂ ನಡೆಯುತ್ತಿರುವುದು ಕಾಣುತ್ತದೆ. ಅಂಗಡಿಯ ಮೇಲಿನ ಬಾಡಿಗೆ ಮಹಡಿ, ತಾರಸಿ ಮೇಲಿನ ಶೀಟಿನ ಮಾಡು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ಕೀಬೋರ್ಡು, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಭಾನುವಾರ ಬೆಳಗ್ಗೆ ಅದು ಸಭೆ, ಉಳಿದ ದಿನ ಬೀಗ. ಇಲ್ಲಿಗೆ ಬರುವವರು ಪರಿಚಯವಾದೊಡನೆ ಕೇಳುವುದು ‘ನೀವು ಯಾವ ಸಭೆಗೆ ಹೋಗ್ತೀರಾ?’ ಎಂದು. ಉತ್ತರವಾಗಿ ಬರುವುದು ಬೀದಿಯ ಹೆಸರಲ್ಲ, ಪಾಸ್ಟರ ಹೆಸರು. ಬ್ರದರನ್ ಪಂಗಡದವರು ಇನ್ನೂ ಕಟ್ಟುನಿಟ್ಟು: ಜನರಿಗಷ್ಟೇ ಸಭೆ ಎನ್ನಬೇಕು, ಕಟ್ಟಡಕ್ಕೆ ಆ ಹೆಸರು ಸಲ್ಲದು ಎಂದು ಸುವಾರ್ತಾ ಹಾಲ್ ಎಂದು ಬೋರ್ಡು ಹಾಕುತ್ತಾರೆ. ಪೆಂತೆಕೋಸ್ತ ಪಂಗಡಗಳಲ್ಲಿ ದೊಡ್ಡದಾದ ಅಸೆಂಬ್ಲೀಸ್ ಆಫ್ ಗಾಡ್ 1914ರಲ್ಲಿ ಅಮೆರಿಕದ ಆರ್ಕನ್ಸಾದಲ್ಲಿ ಹುಟ್ಟಿದಾಗ ಹೆಸರಿನಿಂದ ‘ಚರ್ಚ್’ ಬಿಟ್ಟು ‘ಅಸೆಂಬ್ಲಿ’ ಹಿಡಿಯಿತು.

ಮತ್ತಾಯನ ಮೂರು ಪ್ರಯೋಗಗಳಿಗೆ ಬಂದರೆ ಜಗಳಕ್ಕೇ ಬಂದಂತೆ. ಹದಿನಾರನೆಯ ಅಧ್ಯಾಯದಲ್ಲಿ ಯೇಸು ಪೇತ್ರನಿಗೆ, ಬಂಡೆಯ ಮೇಲೆ ತನ್ನ ಎಕ್ಲೇಸಿಯಾವನ್ನು ಕಟ್ಟುವೆನೆನ್ನುತ್ತಾನೆ. ಪೇತ್ರ ಎಂಬ ಹೆಸರಿಗೂ ಬಂಡೆ ಎಂಬ ಪದಕ್ಕೂ ಗ್ರೀಕಿನಲ್ಲಿ ಶ್ಲೇಷೆ. ರೋಮಿನ ಪೋಪ್ ಗುರುಗಳ ಅಧಿಕಾರಕ್ಕೆ ಕಥೋಲಿಕರು ಕೊಡುವ ಆಧಾರ ಇದು; ಸಂತ ಪೇತ್ರರ ಮಹಾದೇವಾಲಯದ ಗುಮ್ಮಟದ ಒಳಸುತ್ತಿನಲ್ಲಿ ಇದನ್ನೇ ಲ್ಯಾಟಿನಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದಾರೆ. ಬಂಡೆ ಎಂದರೆ ಪೇತ್ರನಲ್ಲ, ಅವನು ನುಡಿದ ವಿಶ್ವಾಸ ಎಂಬುದು ಪ್ರೊಟೆಸ್ಟೆಂಟರಲ್ಲಿ ಹಲವರ ವಾದ. ಹದಿನೆಂಟನೆಯ ಅಧ್ಯಾಯದ ಎರಡು ಪ್ರಯೋಗಗಳಿಗೆ ಯಾರೂ ಗುಮ್ಮಟ ಕಟ್ಟಿಲ್ಲ. ತಪ್ಪು ಮಾಡಿದ ಸಹೋದರನಿಗೆ ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಎಕ್ಲೇಸಿಯಾಕ್ಕೆ ತಿಳಿಸು ಎಂಬ ಕ್ರಮ ಅಲ್ಲಿದೆ. ಇದು ಊರ ಪಂಚಾಯ್ತಿಯ ಅಳತೆಯ ಸಭೆ. ಮೊದಲಿನದನ್ನು ಎಷ್ಟು ದೊಡ್ಡದಾಗಿ ಓದಿದರೂ ಎರಡನೆಯದು ಪರಸ್ಪರ ಮುಖ ಪರಿಚಯವಿರುವ ಜನರದ್ದೇ.

ಯೂರೋಪಿನ ಭಾಷೆಗಳಲ್ಲಿ ಪದ ಎರಡು ದಾರಿ ಹಿಡಿಯಿತು. ಲ್ಯಾಟಿನ್ ಅದನ್ನು ಹಾಗೇ ‘ಎಕ್ಲೇಸಿಯಾ’ ಎಂದು ಇಟ್ಟುಕೊಂಡಿತು. ಫ್ರೆಂಚಿನ ‘ಎಗ್ಲೀಜ್’, ಸ್ಪ್ಯಾನಿಷಿನ ‘ಇಗ್ಲೇಸಿಯಾ’, ಪೋರ್ಚುಗೀಸಿನ ‘ಇಗ್ರೇಜಾ’ ಅಲ್ಲಿಂದ ಬಂದವು. ಇಂಗ್ಲಿಷಿನ ‘ಚರ್ಚ್’ ಮಾತ್ರ ‘ಕುರಿಯಕೋನ್’, ಅಂದರೆ ಪ್ರಭುವಿಗೆ ಸೇರಿದ್ದು ಎಂಬ ಬೇರೆಯೇ ಗ್ರೀಕ್ ಪದದ ಸಂತತಿ. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ‘ಚರ್ಚ್’ ಬಿಟ್ಟು ‘ಕಾಂಗ್ರಿಗೇಷನ್’ ಎಂದು ಹಾಕಿದ. ಪಾದ್ರಿಗಳ ಅಧಿಕಾರದ ಬುಡಕ್ಕೇ ಅದು ಕೊಡಲಿ ಎಂದು ಥಾಮಸ್ ಮೋರ್ ಪುಟಗಟ್ಟಲೆ ಖಂಡಿಸಿದ. ಮುಂದೆ ಜೇಮ್ಸ್ ದೊರೆಯ ಕಾಲದಲ್ಲಿ 1611ರ ಅನುವಾದ ಸಿದ್ಧವಾಗುವಾಗ, ಈ ಪದವನ್ನು ‘ಕಾಂಗ್ರಿಗೇಷನ್’ ಮಾಡಕೂಡದು ಎಂದು ಅನುವಾದಕರಿಗೆ ಲಿಖಿತ ನಿಯಮವೇ ಇತ್ತು.

ಪೋರ್ಚುಗೀಸರ ಇಗ್ರೇಜಾ ಹಡಗು ಹತ್ತಿ ಗೋವೆಗೆ ಬಂದು, ಕೊಂಕಣಿಯ ಮೂಲಕ ದಕ್ಷಿಣ ಕನ್ನಡದಲ್ಲಿ ‘ಇಗರ್ಜಿ’ಯಾಯಿತು, ಉತ್ತರದಲ್ಲಿ ಅದೇ ಹಿಂದಿಯ ‘ಗಿರಜಾ’. ಹಾಗಾಗಿ ಮಂಗಳೂರು ಕಡೆಯಿಂದ ಬಂದು ವಿಜಯನಗರದಲ್ಲಿ ಮನೆ ಮಾಡಿದವರು ‘ಇಗರ್ಜಿಗೆ ಹೋಗಿಬರುತ್ತೇವೆ’ ಎಂದಾಗ ಅವರು ಆಡಿದ್ದು ಪ್ನಿಕ್ಸ್ ಗುಡ್ಡದ ಪದವನ್ನೇ. ಹೊಟ್ಟೆಯೊಳಗಿನ ಅರ್ಥ ಮಾತ್ರ ದಾರಿಯಲ್ಲಿ ಕಟ್ಟಡವಾಗಿ ಬದಲಾಗಿದೆ. ಹಿಂದಿ ಬೈಬಲಿನ ‘ಕಲೀಸಿಯಾ’ ಕೂಡ ಗ್ರೀಕ್ ಪದವೇ. ಮರಾಠಿಯವರು ‘ಮಂಡಳಿ’ ಎಂದರು, ತೆಲುಗರು ‘ಸಂಘಮು’ ಎಂದರು, ತಮಿಳರು ‘ಸಬೈ’ ಎಂದರು.

ಕನ್ನಡಕ್ಕೆ ಬೈಬಲ್ ತರುವ ಕೆಲಸ ಗಟ್ಟಿಯಾಗಿ ನಡೆದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಆಮೇಲೆ ಪರಿಷ್ಕರಣೆಗಳು ಹಲವು. ಸಭೆಗೆ ಬದಲಾಗಿ ಹಾಕಬಹುದಾಗಿದ್ದ ಪದಗಳಿಗೆ ಕನ್ನಡದಲ್ಲಿ ಬರವಿರಲಿಲ್ಲ. ಜೈನ ಶಾಸನಗಳಲ್ಲಿ ಮೂಲಸಂಘ, ಯಾಪನೀಯ ಸಂಘಗಳಿವೆ, ಶರಣರಿಗೆ ಗೋಷ್ಠಿ ಇದೆ, ಅಗ್ರಹಾರಗಳಿಗೆ ಮಹಾಜನರಿದ್ದರು. ಸಂಘ ಎಂದಿದ್ದರೆ ದೀಕ್ಷೆ ಪಡೆದವರ ಪಂಗಡದ ವಾಸನೆ ಬರುತ್ತಿತ್ತು. ಸಭೆ ಎಂಬುದಕ್ಕೆ ವೇದಕಾಲದಿಂದಲೂ ಊರಿನ, ಅರಮನೆಯ, ಪಂಡಿತರ ನಂಟಿದೆ, ಒಂದು ಮತದ ಮುದ್ರೆ ಇಲ್ಲ. ಎಕ್ಲೇಸಿಯಾವೂ ಹಾಗೇ ಇತ್ತು ಎಂಬ ಕಾರಣಕ್ಕೆ ಇದು ತೆಲುಗಿನ ಆಯ್ಕೆಗಿಂತ ಒಳ್ಳೆಯದೆನ್ನಬಹುದು. ಒಮ್ಮೆ ನೆಲೆನಿಂತ ಮೇಲೆ ಅದು ಮರಿ ಹಾಕಿತು: ಸಭಾಪಾಲಕರು, ಸಭಾಹಿರಿಯರು, ಸಭಾಪ್ರಾಂತ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಆಗಲೇ ಒಂದಾಗಿದ್ದ ಇತರ ಪಂಗಡಗಳು ಕೂಡಿ ಆದ, ಚರ್ಚ್ ಆಫ್ ಸೌತ್ ಇಂಡಿಯಾ ಎನ್ನುವ ಸಿಎಸ್‌ಐಗೆ ಕನ್ನಡದಲ್ಲಿ ದಕ್ಷಿಣ ಭಾರತ ಸಭೆ ಎಂದೇ ಹೆಸರು.

ಕಥೋಲಿಕರ ‘ಧರ್ಮಸಭೆ’ಯಲ್ಲಿ ಊರ ಸಭೆಯ ಗೊಂದಲಕ್ಕೆ ಎಡೆಯಿಲ್ಲ. ಅವರಲ್ಲಿ ಕಟ್ಟಡ ದೇವಾಲಯ, ಅದರ ವ್ಯಾಪ್ತಿ ಧರ್ಮಕೇಂದ್ರ, ಜಗತ್ತಿನಾದ್ಯಂತ ಇರುವುದು ಧರ್ಮಸಭೆ. ಹೀಗೆ ಒಂದೊಂದಕ್ಕೂ ಪ್ರತ್ಯೇಕ ಹೆಸರು. ಗಡಿ ಸ್ಪಷ್ಟವಾದಷ್ಟೂ ಪೌಲನ ಪತ್ರದ ಆ ಹಿಗ್ಗುವ ಕುಗ್ಗುವ ಗುಣ ಹೋಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಧರ್ಮಸಭೆಯ ಕುರಿತ ತನ್ನ ದಸ್ತಾವೇಜಿನಲ್ಲಿ ‘ದೇವಪ್ರಜೆ’ ಎಂಬ ಮಾತಿಗೆ ಒತ್ತು ಕೊಟ್ಟು ಅದನ್ನು ಒಂದಿಷ್ಟು ಮರಳಿಸಿತು.    ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಪೂಜೆಯ ಜಾಗಕ್ಕೆ ಜನರ ನುಡಿ ಬಂತು. ಯಾವ ಜನರ ನುಡಿ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಕನ್ನಡ ಕ್ರೈಸ್ತರ ಚಳವಳಿಯಾಗಿ ಬೆಳೆಯಿತು. ಇಂದು ನಗರದ ಎಷ್ಟೋ ದೇವಾಲಯಗಳ ಫಲಕದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಬಲಿಪೂಜೆಗಳಿಗೆ ಬೇರೆ ಬೇರೆ ಗಂಟೆಗಳಿವೆ. ದೇವಾಲಯ ಒಂದೇ ಆದರೂ ಕೊರಿಂಥದ ಪತ್ರದ ಲೆಕ್ಕದಲ್ಲಿ ಎಕ್ಲೇಸಿಯಾಗಳು ಮೂರು.

ಈ ಲೆಕ್ಕವೇ ಹೆಂಗಸರ ವಿಚಾರದಲ್ಲಿ ಕಠಿಣವಾಗುತ್ತದೆ. ಕೊರಿಂಥದ ಅದೇ ಪತ್ರದ 14ನೆಯ ಅಧ್ಯಾಯದಲ್ಲಿ, ಹೆಂಗಸರು ಎಕ್ಲೇಸಿಯಾಗಳಲ್ಲಿ ಸುಮ್ಮನಿರಬೇಕು, ಕೇಳುವುದಿದ್ದರೆ ಮನೆಯಲ್ಲಿ ಗಂಡನನ್ನು ಕೇಳಬೇಕು ಎಂಬ ಎರಡು ವಚನಗಳಿವೆ. ಎಕ್ಲೇಸಿಯಾ ಒಂದು ಕಡೆ, ಮನೆ ಇನ್ನೊಂದು ಕಡೆ ಎಂಬಂತೆ ಆ ಮಾತಿದೆ. ಆದರೆ ಆ ಕಾಲದ ಎಕ್ಲೇಸಿಯಾ ಸೇರುತ್ತಿದ್ದುದೇ ಮನೆಯಲ್ಲಿ. ನುಂಫಳ ಮನೆಯಲ್ಲಿ ಸಭೆ ಕೂಡಿದಾಗ ಮನೆಯೊಡತಿ ಬಾಯಿ ಮುಚ್ಚಿಕೊಂಡಿರಬೇಕಿತ್ತೇ? ಪತ್ರದ 11ನೆಯ ಅಧ್ಯಾಯವಂತೂ ಹೆಂಗಸರು 'ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ' ಒಪ್ಪಿಕೊಂಡೇ ಮುಂದುವರಿಯುತ್ತದೆ. ಕೆಲವು ಹಸ್ತಪ್ರತಿಗಳಲ್ಲಿ ಆ ಎರಡು ವಚನಗಳು ಅಧ್ಯಾಯದ ಕೊನೆಗೆ ಹೋಗಿವೆ. ಅದರಿಂದ ಅವು ಆಮೇಲೆ ಸೇರಿದವು ಎಂದು ವಾದಿಸುವ ವಿದ್ವಾಂಸರಿದ್ದಾರೆ. ರೋಮಿನವರಿಗೆ ಬರೆದ ಪತ್ರದಲ್ಲಿ ಎಕ್ಲೇಸಿಯಾ ಎಂಬ ಪದ ಮೊದಲ ಹದಿನೈದು ಅಧ್ಯಾಯ ಕಾಣದೆ, ಹದಿನಾರರಲ್ಲಿ ಮೊದಲ ಬಾರಿ ಬರುವುದು ಒಬ್ಬ ಹೆಂಗಸಿನ ಜೊತೆ: ಕೆಂಖ್ರೆ ಬಂದರಿನ ಸಭೆಯ ‘ದಿಯಾಕೊನೊಸ್’ ಆಗಿದ್ದ ಫೊಯಿಬೆ. ಗಂಡಸರಿಗೆ ಬಂದಾಗ ಅನುವಾದಕರು ಸಭಾಸೇವೆಯ ಹುದ್ದೆಯೆಂದು ತಿಳಿಯುವ ಪದ ಅದು. ಅವಳಿಗೆ ಬಂದಾಗ ಬರಿಯ ಸೇವೆ ಎಂದು ಎಷ್ಟೋ ಭಾಷೆಗಳಲ್ಲಿ ತೆಳುವಾಯಿತು. ದಕ್ಷಿಣ ಭಾರತ ಸಭೆ ಹೆಂಗಸರಿಗೆ ಗುರುದೀಕ್ಷೆ ಕೊಡುತ್ತ ಬಂದು, 2013ರ ಸೆಪ್ಟೆಂಬರಿನಲ್ಲಿ ಆಂಧ್ರದ ನಂದ್ಯಾಲ ಸಭಾಪ್ರಾಂತಕ್ಕೆ ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ ಆಗಿ ಅಭಿಷೇಕಿಸಿತು. ಕಥೋಲಿಕ ಧರ್ಮಸಭೆಯಲ್ಲಿ ಗುರುದೀಕ್ಷೆ ಗಂಡಸರಿಗೆ ಮಾತ್ರ. ಫೊಯಿಬೆಯ ಹುದ್ದೆಯನ್ನು ಹೆಂಗಸರಿಗೆ ಮತ್ತೆ ತೆರೆಯಬಹುದೇ ಎಂದು ಪರಿಶೀಲಿಸಲು ಪೋಪ್ ಫ್ರಾನ್ಸಿಸ್ 2016ರಲ್ಲಿ ಒಂದು ಆಯೋಗ, 2020ರಲ್ಲಿ ಇನ್ನೊಂದು ಆಯೋಗ ನೇಮಿಸಿದರು.